ಮೂರನೇ ಸರದಿ

ನಮ್ಮೂರಲ್ಲಿ ಕೆಂಪು ದೀಪ ಹಚ್ಚಿದರೆ ಮಂಜು ಬರುತ್ತದೆ. ಒಲೆಯ ಕೆಂಡಕ್ಕೆ ಬರುವುದಿಲ್ಲ, ಬೀಡಿಯ ತುದಿಗೆ ಬರುವುದಿಲ್ಲ, ಕರೆಂಟಿನ ಕೆಂಪು ದೀಪಕ್ಕೆ ಮಾತ್ರ ಬರುತ್ತದೆ. ಗುಂಡಿ ಒತ್ತಿ ಹತ್ತು ಎಣಿಸುವಷ್ಟರಲ್ಲಿ ನೆಲದಿಂದ ಬೆಳ್ಳಗೆ ಏಳುತ್ತದೆ, ಮೊಣಕಾಲು ಮುಟ್ಟುತ್ತದೆ, ಆಮೇಲೆ ಎದುರಿಗಿದ್ದವರ ಮುಖವೂ ಕಾಣುವುದಿಲ್ಲ. ಟಿವಿಯ ಮೂಲೆಯಲ್ಲಿರುವ ಚುಕ್ಕಿಯಷ್ಟು ದೀಪ ಒಂದು ಕೋಣೆ ತುಂಬಿಸಿದರೆ, ಲಾರಿಯ ಹಿಂದಿನ ದೀಪ ಒಂದು ಓಣಿಯನ್ನೇ ಮುಳುಗಿಸುತ್ತದೆ. ದೀಪ ಆರಿಸಿದ ಮೇಲೂ ಒಂದೆರಡು ತಾಸು ಅದು ಕದಲುವುದಿಲ್ಲ.

ಇದಕ್ಕೆ ನಾವು ಹೊಂದಿಕೊಂಡು ಎಷ್ಟೋ ಕಾಲವಾಯಿತು. ನಮ್ಮ ಚೌಕದ ಸಿಗ್ನಲ್ಲಿನಲ್ಲಿ ನಿಲ್ಲಬೇಕಾದ ಕಡೆ ನೀಲಿ ದೀಪ ಇದೆ. ಆಂಬ್ಯುಲೆನ್ಸಿನ ತಲೆಯ ಮೇಲೂ ನೀಲಿಯೇ. ಮೊಬೈಲ್ ಚಾರ್ಜರಿನ ಚುಕ್ಕಿಗೆ ಹೆಂಗಸರು ಹಣೆಗಿಡುವ ಕರಿ ಟಿಕಳಿ ಅಂಟಿಸಿರುತ್ತಾರೆ. ಒಮ್ಮೆ ಪರವೂರಿನ ಬೀಗರು ಹಟ ಹಿಡಿದು ಮದುವೆ ಚಪ್ಪರಕ್ಕೆ ಕೆಂಪು ಸೀರಿಯಲ್ ಸೆಟ್ ಹಾಕಿಸಿದ್ದರಿಂದ, ಅಕ್ಷತೆ ಬೀಳುವ ಹೊತ್ತಿಗೆ ಮದುಮಗಳು ಮಾಲೆಯನ್ನು ಸೋದರಮಾವನ ಕೊರಳಿಗೆ ಹಾಕಿದ್ದಳು. ಹೊಸ ಗಾಡಿ ಊರಿಗೆ ಬಂದರೆ ಪೂಜೆಗಿಂತ ಮೊದಲು ಅದರ ಕೆಂಪು ತೆಗೆಯಬೇಕು. ಹಿಂದಿನ ದೀಪಕ್ಕೆ ನೀಲಿ ಗಾಜು ಕೂಡಿಸಿ, ತೆಗೆದದ್ದನ್ನು ಅಗಸಿಯ ಹೊರಗಿನ ಹಾಳುಬಾವಿಗೆ ಎಸೆದು, ಕೈ ತೊಳೆದುಕೊಂಡು, ನಾಲ್ಕು ಮಂದಿಗೆ ಪೇಢೆ ಹಂಚಿದರೆ ಗಾಡಿ ಊರಿನದಾಯಿತು.

ನನ್ನ ಹೆಸರು ತಿರಕಪ್ಪ. ಲಾರಿ ಓಡಿಸುತ್ತೇನೆ. ಕ್ಲೀನರ್ ನನ್ನ ಹೆಂಡತಿ ಅಂಬವ್ವ. ಮೊದಮೊದಲು ಇದನ್ನು ಕೇಳಿ ನಕ್ಕವರನ್ನೆಲ್ಲ ಅವಳು ಹಗ್ಗ ಬಿಗಿಯುವುದರಲ್ಲಿ ಸೋಲಿಸಿ ಬಾಯಿ ಮುಚ್ಚಿಸಿದ್ದಾಳೆ. ನಮ್ಮ ಊರಿನ ಸುಣ್ಣದ ಭಟ್ಟಿಗಳಿಂದ ಸುಣ್ಣದ ಚೀಲ ಹೇರಿಕೊಂಡು, ರಾತ್ರಿಯಿಡೀ ಘಟ್ಟ ಇಳಿದು, ಬೆಳಿಗ್ಗೆ ಕೆಳಗಿನ ಬಂದರಿಗೆ ಮುಟ್ಟಿಸುವುದು ನಮ್ಮ ಕೆಲಸ. ಈ ಲೋಡು ಯಾರು ಬೇಕಾದರೂ ಎತ್ತುವಂತಿಲ್ಲ. ಲಾರಿ ಮಾಲೀಕರ ಸಂಘದ ಅಂಗಳದಲ್ಲಿ ಒಂದು ದೊಡ್ಡ ಕರಿಹಲಗೆ ಇದೆ, ಅದರ ಮೇಲೆ ನಲವತ್ತು ನಂಬರುಗಳಿವೆ. ನಂಬರ್ ಇದ್ದವನಿಗೆ ಸರದಿ ಬರುತ್ತದೆ, ಇಲ್ಲದವನು ಕಾಯಬೇಕು. ನನ್ನದು ಹತ್ತೊಂಬತ್ತು. ಅಪ್ಪ ಸಂಪಾದಿಸಿದ ನಂಬರು ಅದು, ನಮ್ಮ ಮನೆಯಲ್ಲಿ ಎರಡು ಹೊತ್ತಿನ ರೊಟ್ಟಿ ಎಂದರೆ ಅದೇ.

ಸಂಘದ ಕಾನೂನು ಒಂದೇ ಸಾಲಿನದು. ಸರದಿ ಕರೆದಾಗ ಲಾರಿ ಎಲ್ಲರೆದುರು ತಾನಾಗಿ ಸ್ಟಾರ್ಟ್ ಆಗಬೇಕು, ನೂಕುವಂತಿಲ್ಲ, ಲೋಡು ಬಂದರಿಗೆ ಮುಟ್ಟಬೇಕು. ಒಂದರ ಹಿಂದೊಂದು ಮೂರು ಸರದಿ ತಪ್ಪಿದರೆ ನಂಬರ್ ಅಳಿಸಿ, ಕಾಯುವವರ ಪಟ್ಟಿಯ ಮೊದಲಿನವನಿಗೆ ಕೊಡುತ್ತಾರೆ. ಹಡಗು ನಮ್ಮ ಸಲುವಾಗಿ ಕಾಯುವುದಿಲ್ಲ ಎನ್ನುವುದು ಅವರ ವಾದ. ನ್ಯಾಯವಾದ ಮಾತೇ. ನನ್ನ ತಲೆಯ ಮೇಲೆ ಬಂದು ಕೂರುವವರೆಗೆ ನನಗೂ ಅದು ನ್ಯಾಯವೆಂದೇ ಅನ್ನಿಸಿತ್ತು.

ಹಳೆಯ ಲಾರಿ ಮಾರಿ, ಇದ್ದಬದ್ದದ್ದನ್ನು ಕೂಡಿಸಿ, ದೂರದ ಊರಿನಿಂದ ಈ ಲಾರಿಯನ್ನು ತಂದು ಮೂರು ವಾರವಾಗಿತ್ತು. ಬರುವಾಗ ನಾನೂರು ಕಿಲೋಮೀಟರ್ ಒಂದು ಕೆಮ್ಮು ಇಲ್ಲದೆ ಬಂದಿತ್ತು. ಊರಿಗೆ ಬಂದ ಮೇಲೆ ಅದಕ್ಕೆ ಏನು ರೋಗ ಬಡಿಯಿತೋ, ಮೊದಲ ಸರದಿಯ ದಿನ ಸಂಘದ ಅಂಗಳದಲ್ಲಿ ಕೀಲಿ ತಿರುವಿದರೆ ಟಕ್ ಎಂದು ಒಂದು ಸದ್ದು ಮಾಡಿ ಸುಮ್ಮನಾಯಿತು. ಬ್ಯಾಟರಿ ಹೋಗಿದೆ ಎಂದು ಹೊಸ ಜೋಡಿ ಹಾಕಿಸಿದೆ. ಅವೂ ನಾಲ್ಕೇ ದಿನದಲ್ಲಿ ಕುಸಿದವು. ಎರಡನೇ ಸರದಿಗೆ ಬ್ಯಾಟರಿಗಳನ್ನು ಅಂಗಡಿಯಲ್ಲಿ ಚಾರ್ಜ್ ಮಾಡಿಸಿ ತಂದೆ, ಲಾರಿ ಸ್ಟಾರ್ಟ್ ಆಯಿತು, ಲೋಡು ಹೇರಿಕೊಂಡು ಹೊರಟೆವು. ಘಟ್ಟದ ನಡುವೆ ಹೆಡ್‌ಲೈಟು ಹಳದಿಯಾಗಿ, ಮಂಕಾಗಿ, ಕೊನೆಗೆ ಸತ್ತೇಹೋಯಿತು. ಬೆಳಗಾದ ಮೇಲೆ ಬೇರೆ ಲಾರಿಯವರು ನಮ್ಮ ಚೀಲಗಳನ್ನು ಹೇರಿಕೊಂಡು ಹೋದರು. ಚೀಲ ಎಣಿಸುತ್ತ ಅವರು ನನ್ನ ಮುಖ ನೋಡದೆ ಇದ್ದದ್ದು ನನಗೆ ಇನ್ನೂ ಚುಚ್ಚುತ್ತದೆ.

ಮೂರನೆಯದು ಗುರುವಾರ ಬೆಳಿಗ್ಗೆ ಏಳಕ್ಕೆ ಇತ್ತು. ಮಂಗಳವಾರ ಲಾರಿಯನ್ನು ಜಿಲ್ಲಾ ಊರಿನ ಕಂಪನಿ ಶೋರೂಮಿಗೆ ತೆಗೆದುಕೊಂಡು ಹೋದೆವು. ನೆಲ ಫಳಫಳ ಹೊಳೆಯುತ್ತಿತ್ತು, ಅಂಬವ್ವ ಚಪ್ಪಲಿ ಹೊರಗೆ ಬಿಟ್ಟಳು. ಟೈ ಕಟ್ಟಿದ ಹುಡುಗನೊಬ್ಬ ಬಂದು, ಕೈಯಲ್ಲಿದ್ದ ಯಂತ್ರದ ಎರಡು ವೈರು ಬ್ಯಾಟರಿಗೆ ಸಿಗಿಸಿ, ಎರಡು ನಿಮಿಷ ನೋಡಿ, ಒಳಗೆ ಹೋಗಿ ಕಾಗದ ಪ್ರಿಂಟ್ ಮಾಡಿಸಿಕೊಂಡು ಬಂದ. ಲಾರಿಯ ಕ್ಯಾಬಿನ್ನನ್ನು ಅವನು ಹತ್ತಲೇ ಇಲ್ಲ.

"ಸರ್, ಚಾರ್ಜಿಂಗ್ ಝೀರೋ ಇದೆ. ಆಲ್ಟರ್ನೇಟರ್ ಅಸೆಂಬ್ಲಿ ಬದಲಾಯಿಸಬೇಕು, ಜೊತೆಗೆ ಪೂರ್ತಿ ವೈರಿಂಗ್ ಕಿಟ್, ಎರಡು ಬ್ಯಾಟರಿ. ಎಲ್ಲಾ ಸೇರಿ ಎಂಬತ್ತಾರು ಸಾವಿರ ಆಗುತ್ತೆ" ಎಂದ.

"ಬ್ಯಾಟರಿ ಹೋದ ವಾರ ಹಾಕ್ಸೀವ್ರಿ" ಎಂದೆ.

"ಕಂಪನಿ ಬ್ಯಾಟರಿ ಅಲ್ವಲ್ಲ ಸರ್."

"ಎಷ್ಟು ದಿನ ಹಿಡಿತೈತ್ರಿ?" ಎಂದು ಅಂಬವ್ವ ಕೇಳಿದಳು.

"ಪಾರ್ಟ್ ಬರೋಕೆ ಹನ್ನೊಂದು ದಿನ, ಮೇಡಂ."

ಆ ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಇದ್ದಿದ್ದರೂ ಹನ್ನೊಂದು ದಿನ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಏನು ಕೆಟ್ಟಿದೆ ಎಂದು ಹುಡುಕದೆ, ಇರುವುದನ್ನೆಲ್ಲ ತೆಗೆದು ಬಿಸಾಕಿ ಹೊಸದು ಹಾಕುವುದಕ್ಕೆ ಟೈ ಯಾಕೆ ಬೇಕು ಎಂದು ಕೇಳಿಯೇಬಿಟ್ಟೆ. ಆ ಹುಡುಗ ಪಾಪ, ನೀರು ಕುಡಿಯುತ್ತೀರಾ ಸರ್ ಎಂದ. ಅಂಬವ್ವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಸಿಕ್ಕಿಸಿಕೊಂಡು ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದಳು.

ವಾಪಸು ಬರುವ ದಾರಿಯಲ್ಲಿ ಅವಳು ಒಂದೇ ಮಾತು ಹಿಡಿದಳು. "ದಾವಲಸಾಬ್ರ ಕಡೆ ತೋರಸೂಣು."

"ಅವ್ರ ಕಡೆ ಬಿಟ್ಟು ಬ್ಯಾರೆ ಎಲ್ಲೆರ ಹೇಳು."

"ಬ್ಯಾರೆ ಎಲ್ಲೆ ಐತಿ? ಹೇಳ್ರಿ ನೋಡೋಣ."

ದಾವಲಸಾಬರು ನಮ್ಮೂರಿನ ಲಾರಿ ಎಲೆಕ್ಟ್ರಿಷಿಯನ್. ವಯಸ್ಸು ಅರವತ್ತರ ಆಸುಪಾಸು. ಊರಿಗೆ ಬರುವ ಪ್ರತಿ ಗಾಡಿಯ ಕೆಂಪು ತೆಗೆಯುವವರು ಅವರೇ. ಅವರ ಕೈಗೆ ಹೆಸರಿಡುವವರಿಲ್ಲ. ಆದರೆ ಕಾಯುವವರ ಪಟ್ಟಿಯಲ್ಲಿ ಮೊದಲ ಹೆಸರೂ ಅವರದೇ. ಹಳೆಯ ಲಾರಿಯೊಂದನ್ನು ಕೊಂಡು, ತಾವೇ ರಿಪೇರಿ ಮಾಡಿ, ಬಣ್ಣ ಹೊಡೆಸಿ, ಅಂಗಡಿಯ ಹಿಂದೆ ನಿಲ್ಲಿಸಿಕೊಂಡು ಒಂಬತ್ತು ವರ್ಷದಿಂದ ಒಂದು ನಂಬರ್ ಖಾಲಿಯಾಗಲಿ ಎಂದು ಕಾಯುತ್ತಿದ್ದರು. ಗುರುವಾರ ನನ್ನ ನಂಬರ್ ಅಳಿಸಿದರೆ ಅದು ನೇರವಾಗಿ ಅವರಿಗೆ ಹೋಗುತ್ತಿತ್ತು. ಹೀಗಿರುವಾಗ ನನ್ನ ಲಾರಿಯನ್ನು ನಾನೇ ಹೊಡೆದುಕೊಂಡು ಹೋಗಿ ಅವರ ಅಂಗಳದಲ್ಲಿ ನಿಲ್ಲಿಸುವುದೇ? ಕುರಿಯನ್ನು ಹಬ್ಬದ ಹಿಂದಿನ ದಿನ ಕಟುಕನ ಮನೆಯಲ್ಲಿ ಕಟ್ಟಿದ ಹಾಗೆ ಎಂದು ನಾನು ಅಂಬವ್ವನಿಗೆ ಹೇಳಿದೆ.

"ನಿಮ್ಮ ಲಾರಿ ಈಗಾಗ್ಲೆ ಸತ್ತೈತಿ. ಅವ್ರು ಇನ್ನೇನ ಕೊಲ್ಲತಾರ?" ಎಂದಳು ಅವಳು. ಅದಕ್ಕೆ ಉತ್ತರ ಹುಡುಕುತ್ತ ನಾನು ಬುಧವಾರ ಮಧ್ಯಾಹ್ನದವರೆಗೆ ಮನೆಯಲ್ಲೇ ಕೂತೆ. ಅವಳು ಬ್ಯಾಟರಿಗಳನ್ನು ಚಾರ್ಜ್ ಮಾಡಿಸಿ ತಂದು, ಲಾರಿಗೆ ಕೂಡಿಸಿ, ಕ್ಲೀನರ್ ಸೀಟಿನಲ್ಲಿ ಕೂತು ಹಾರ್ನ್ ಒತ್ತತೊಡಗಿದಳು. ಓಣಿಯ ಜನ ಹೊರಗೆ ಬಂದರು. ನಾನು ಹತ್ತಿ ಕೂತೆ.

ದಾವಲಸಾಬರು ಊಟ ಮುಗಿಸಿ ಅಂಗಡಿಯ ಮುಂದೆ ಹಲ್ಲುಕಡ್ಡಿ ಆಡಿಸುತ್ತ ಕೂತಿದ್ದರು. ನಮ್ಮ ಲಾರಿ ನೋಡಿದವರೇ ಕಡ್ಡಿ ಎಸೆದು ಎದ್ದರು. ಅವರ ಮುಖದಲ್ಲಿ ಏನೋ ಹಾದುಹೋಯಿತು. ಅದು ಸಂತೋಷವಂತೂ ಆಗಿರಲಿಲ್ಲ.

"ಒಳಗ ತಗೊಂಡು ಬಾ, ಬಿಸಿಲೈತಿ" ಎಂದರು.

ಅವರ ತಗಡಿನ ಶೆಡ್ಡಿನೊಳಗೆ ಲಾರಿ ನಿಲ್ಲಿಸಿದೆ. ಅಂಬವ್ವ ಶೋರೂಮಿನ ಕಾಗದ ತೆಗೆದುಕೊಟ್ಟಳು. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು, ಹಿಂದೆ ತಿರುಗಿಸಿ ಅಲ್ಲೇನಾದರೂ ಇದೆಯೇ ಎಂದು ನೋಡಿದರು. "ಏನೇನ ಹಾಕಬೇಕು ಅಂತ ಬರದಾರ. ಏನ ಕೆಟ್ಟೈತಿ ಅಂತ ಎಲ್ಲೂ ಬರದಿಲ್ಲಲ್ಲ" ಎಂದು ಕಾಗದವನ್ನು ವಾಪಸು ಕೊಟ್ಟರು. ನನ್ನ ಹೊಟ್ಟೆಯೊಳಗಿನ ಮಾತನ್ನೇ ಅವರು ಆಡಿದ್ದು ಕೇಳಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇವರು ಎಲ್ಲಿ ಯಾವ ವೈರು ಕತ್ತರಿಸುತ್ತಾರೋ ಎಂದು ಅವರ ಕೈಯನ್ನೇ ನೋಡುತ್ತ ನಿಂತೆ.

ಅವರು ಮೀಟರ್ ತಂದು ಬ್ಯಾಟರಿಗೆ ಹಿಡಿದರು. ಇಪ್ಪತ್ತೈದು ಇತ್ತು. ಎಂಜಿನ್ ಚಾಲೂ ಮಾಡಿಸಿದರು. ಇಪ್ಪತ್ನಾಲ್ಕಕ್ಕೆ ಇಳಿಯಿತು. "ಗಾಡಿ ಓಡಬೇಕಾದ್ರ ಇದು ಇಪ್ಪತ್ತೆಂಟರ ಸನೇಕ ಏರಬೇಕು. ಇದು ಇಳಿಯಾಕತ್ತೈತಿ. ಅಂದ್ರ ಗಾಡಿ ತಿನ್ನಾಕತ್ತೈತಿ, ಯಾರೂ ಹಾಕವ್ರಿಲ್ಲ" ಎಂದು ಅಂಬವ್ವನಿಗೆ ವಿವರಿಸಿದರು. ನನಗಲ್ಲ, ಅಂಬವ್ವನಿಗೆ. ಎಂಜಿನ್ ಆರಿಸಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಬಿಗಿಯಾಗಿತ್ತು. ಬ್ಯಾಟರಿಯ ತುದಿಗಳನ್ನು ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ ಮತ್ತೆ ಕೂಡಿಸಿದರು. ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿ ಸಡಿಲವಾಗಿತ್ತು, ಬಿಗಿದರು. ಮತ್ತೆ ಎಂಜಿನ್, ಮತ್ತೆ ಮೀಟರ್. ಇಪ್ಪತ್ನಾಲ್ಕೇ.

"ಡೈನಮೋನ ಹೋಗಿರಬೇಕು" ಎಂದೆ. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿಗೆ ನಾವು ಇಂದಿಗೂ ಡೈನಮೋ ಎಂದೇ ಹೇಳುವುದು.

"ಹೋಗೈತೋ, ಮಲಗೈತೋ?" ಎಂದರು ಅವರು.

ಡೈನಮೋದ ಹಿಂದೆ ಎರಡು ವೈರುಗಳಿದ್ದವು. ದಪ್ಪನೆಯದು ಬ್ಯಾಟರಿಗೆ ಹೋಗುವಂಥದು, ಅದರಲ್ಲಿ ಏನೂ ದೋಷವಿರಲಿಲ್ಲ. ಇನ್ನೊಂದು ಸಣ್ಣದು, ಹೊಲಿಗೆ ದಾರಕ್ಕಿಂತ ಸ್ವಲ್ಪ ದಪ್ಪ. ಕೀಲಿ ತಿರುವಿಸಿ ಅದರ ತುದಿಗೆ ಮೀಟರ್ ಹಿಡಿದರು. ಸೊನ್ನೆ. ಅವರು ಹ್ಞೂಂ ಎಂದರು. ಆಮೇಲೆ ಒಂದು ಬಿಳಿ ಬಲ್ಬಿನ ಎರಡೂ ಕಡೆ ವೈರು ಬೆಸೆದದ್ದನ್ನು ತಂದು, ಒಂದು ತುದಿ ಬ್ಯಾಟರಿಗೆ, ಒಂದು ತುದಿ ಡೈನಮೋದಲ್ಲಿ ಆ ಸಣ್ಣ ವೈರು ಕೂರುವ ಮೊಳೆಗೆ ಮುಟ್ಟಿಸಿದರು. ಬಲ್ಬು ಹತ್ತಿತು. "ಈಗ ಚಾಲೂ ಮಾಡು" ಎಂದರು. ಎಂಜಿನ್ ಗುರ್ ಎಂದದ್ದೇ ತಡ, ಬಲ್ಬು ಮಂಕಾಗಿ ಆರಿಹೋಯಿತು. ನನ್ನ ಎದೆಯೂ ಅದರ ಜೊತೆ ಆರಿತು. ಆದರೆ ಮೀಟರ್ ಹಿಡಿದಿದ್ದ ಅಂಬವ್ವ ಕೂಗಿದಳು.

"ಇಪ್ಪತ್ತೇಳು ಚುಕ್ಕಿ ಒಂಬತ್ತು! ಕಾಕಾ, ಏರೇತ್ರಿ!"

"ಡೈನಮೋಕ ಏನೂ ಆಗಿಲ್ಲ" ಎಂದರು ದಾವಲಸಾಬರು, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. "ಅದು ತಾನಾಗಿ ಏಳೂದಿಲ್ಲ. ದಿನಾ ಚಾಲೂ ಮಾಡುಮುಂದ ಈ ಸಣ್ಣ ವೈರ್‌ನ್ಯಾಗ ಒಂದೀಟು ಕರೆಂಟ್ ಬಂದು ಎಬ್ಬಸಬೇಕು. ಎದ್ದ ಮ್ಯಾಲ ತನ್ನ ಕೆಲಸ ತಾನು ಮಾಡತೈತಿ, ಬಲ್ಬು ಆರತೈತಿ. ಎಬ್ಬಸವ್ರು ಬಂದಿಲ್ಲ, ಮಲಗೇತಿ. ಅದ ಯಾಕ ಬಂದಿಲ್ಲ ಅಂತ ನೋಡಬೇಕೀಗ."

ಅವರು ಆ ಸಣ್ಣ ವೈರಿನ ಬೆನ್ನು ಹತ್ತಿದರು. ಎಂಜಿನ್ನಿನ ಪಕ್ಕದಿಂದ, ಕ್ಯಾಬಿನ್ನಿನ ತೂತಿನೊಳಗಿಂದ, ಸ್ಟೇರಿಂಗ್ ಕೆಳಗಿನಿಂದ ಬೆರಳಾಡಿಸುತ್ತ ಹೋಗಿ ಡ್ಯಾಶ್‌ಬೋರ್ಡಿನ ಹಿಂದೆ ನಿಂತರು. ಅಲ್ಲಿ ಸ್ವಲ್ಪ ಹೊತ್ತು ತಡವಿದರು. ಆಮೇಲೆ ನನ್ನ ಕಡೆ ತಿರುಗಿ, "ತಿರಕಪ್ಪ, ಈ ಗಾಡಿ ಊರಿಗೆ ಬಂದ ದಿನ ಇದರ ಕೆಂಪು ಯಾರು ತಗದ್ರು?" ಎಂದು ಕೇಳಿದರು.

ಅಂಬವ್ವ ನನ್ನನ್ನು ನೋಡಿದಳು.

"ನಾನ ತಗದೀನ್ರಿ" ಎಂದೆ.

"ಹಿಂದಿನ ದೀಪಕ್ಕ ನೀಲಿ ಗಾಜು ಹಾಕೀಯಲ್ಲ, ಚೊಲೋ ಆತು. ಇಲ್ಲೇನ ಮಾಡಿದಿ?"

ಇಲ್ಲಿ ನಾನು ಮಾಡಿದ್ದು ಬಹಳ ಸುಲಭದ ಕೆಲಸ. ಡ್ಯಾಶ್‌ಬೋರ್ಡಿನಲ್ಲಿ ಕೆಂಪಾಗಿ ಹತ್ತುವ ಪುಟ್ಟ ದೀಪಗಳು ಐದು ಇದ್ದವು. ಗಾಜು ಬದಲಿಸುವ ಗೋಜಿಗೆ ಹೋಗದೆ ಐದೂ ಬಲ್ಬುಗಳನ್ನು ಕಿತ್ತು, ಒಂದು ಹಾಳೆಯಲ್ಲಿ ಸುತ್ತಿ, ಹಾಳುಬಾವಿಗೆ ಎಸೆದು, ಕೈ ತೊಳೆದುಕೊಂಡು, ಪೇಢೆ ಹಂಚಿದ್ದೆ. ದಾವಲಸಾಬರಿಗೆ ಪೇಢೆ ಕೊಟ್ಟಿರಲಿಲ್ಲ. ಪಟ್ಟಿಯಲ್ಲಿ ಮೊದಲಿರುವ ಮನುಷ್ಯ ನನ್ನ ಹೊಸ ಗಾಡಿಯ ಹೊಟ್ಟೆಯೊಳಗೆ ಕೈ ಹಾಕುವುದು ಬೇಡ ಎಂದೇ ಆ ಕೆಲಸವನ್ನು ನಾನೇ ಮಾಡಿದ್ದು. ಅದನ್ನು ಜಾಣತನ ಎಂದುಕೊಂಡಿದ್ದೆ.

"ಬ್ಯಾಟರಿ ಚಿತ್ರ ಇರೂ ದೀಪ ಐತಲ್ಲ, ಅದು ಬರೇ ನಿನಗ ತೋರಸಾಕ ಇಟ್ಟದ್ದಲ್ಲ" ಎಂದರು ಅವರು, ಮಕ್ಕಳಿಗೆ ಹೇಳುವ ಹಾಗೆ. "ಡೈನಮೋನ ಎಬ್ಬಸೂ ಕರೆಂಟು ಆ ಬಲ್ಬಿನೊಳಗ ಹಾಯ್ದ ಹೋಗಬೇಕು. ಬಲ್ಬು ಕಿತ್ತಿ ಅಂದ್ರ ದಾರಿ ಕಿತ್ತಂಗ. ಅದಕ್ಕ ನಾ ಯಾವ ಗಾಡೀದೂ ಬಲ್ಬು ಮುಟ್ಟೂದಿಲ್ಲ, ಮ್ಯಾಲಿನ ಕೆಂಪು ಗಾಜಷ್ಟ ತಗೀತೀನಿ."

ಎಂಬತ್ತಾರು ಸಾವಿರದ ಕಾಗದ ಅಂಬವ್ವನ ಕೈಯಲ್ಲಿತ್ತು. ಅವಳು ಅದನ್ನು ನನ್ನ ಮುಖದ ಮುಂದೆ ಹಿಡಿದಳು. ಬೈದಿದ್ದರೇ ಚೆನ್ನಾಗಿತ್ತು. ಮೂರು ವಾರದಿಂದ ನಾನು ಬೈಯದವರಿಲ್ಲ. ಲಾರಿ ಮಾರಿದವನನ್ನು ಬೈದೆ, ಬ್ಯಾಟರಿ ಅಂಗಡಿಯವನನ್ನು ಬೈದೆ, ಟೈ ಕಟ್ಟಿದ ಹುಡುಗನನ್ನು ಬೈದೆ, ಮನಸ್ಸಿನಲ್ಲಿ ದಾವಲಸಾಬರನ್ನು ದಿನಾ ಬೈದೆ. ಕಿತ್ತ ಕೈ ನನ್ನದೇ ಆಗಿತ್ತು.

ದಾವಲಸಾಬರು ಒಂದು ಡಬ್ಬಿಯಲ್ಲಿ ಹುಡುಕಿ ಜೋಳದ ಕಾಳಿನಷ್ಟು ಬಲ್ಬೊಂದನ್ನು ತೆಗೆದು ಖಾಲಿ ಗೂಡಿಗೆ ಒತ್ತಿದರು. "ತಡಿ, ಗಾಜು ಬದಲಿ ಮಾಡೂತನ..." ಎನ್ನುವಷ್ಟರಲ್ಲಿ ನಾನು ಕೀಲಿ ತಿರುವಿಬಿಟ್ಟಿದ್ದೆ. ತಡೆಯಲಾಗಲಿಲ್ಲ, ನಿಜವಾಗಿಯೂ ಹತ್ತುತ್ತದೆಯೇ ಎಂದು ನೋಡಬೇಕಿತ್ತು. ಹತ್ತಿತು, ಕೆಂಪಗೆ. ಅಂಬವ್ವ ಅಯ್ಯೋ ಎಂದಳು. ನಾನು ಕೀಲಿ ವಾಪಸು ತಿರುವುವ ಹೊತ್ತಿಗೆ ಶೆಡ್ಡಿನ ನೆಲ ಬೆಳ್ಳಗಾಗಿತ್ತು, ಮರುಕ್ಷಣ ಸ್ಟೇರಿಂಗೂ ಕಾಣಲಿಲ್ಲ, ನನ್ನ ಕೈಯೂ ಕಾಣಲಿಲ್ಲ.

"ಶಾಣ್ಯಾ ಅದಿ" ಎಂದಿತು ಮಂಜಿನೊಳಗಿಂದ ದಾವಲಸಾಬರ ದನಿ.

"ಎರಡು ತಾಸು ಕುಂದರಬೇಕೀಗ" ಎಂದೆ.

"ಯಾಕ ಕುಂದರಬೇಕು? ನನ್ನ ಬೆರಳಿಗೇನ ಕಣ್ಣ ಬೇಕಾಗಿಲ್ಲ. ಅಂಬವ್ವಾ, ನಿನ್ನ ಬಲಕ್ಕ ಗ್ವಾಡಿ ಐತಿ, ಗ್ವಾಡಿ ಹಿಡಕೊಂಡು ನಾಕು ಹೆಜ್ಜಿ ಹೋಗು, ಮೊಳಿಗೆ ಒಂದು ಚೀಲ ಹಾಕೇನಿ. ಅದರಾಗ ನೀಲಿ ಪ್ಲಾಸ್ಟಿಕ್ ಹಾಳಿ ಐತಿ, ತಾ."

ಅವಳು ತಂದಳು. ಕತ್ತರಿಯ ಸದ್ದು ಕೇಳಿಸಿತು. ಅವರು ಸೀಟಿನ ಮುಂದೆ ಮೊಣಕಾಲೂರಿ ಕೂತು ಕೆಂಪು ಗಾಜನ್ನು ಸ್ಕ್ರೂ ಡ್ರೈವರಿನಿಂದ ಎಬ್ಬಿಸುತ್ತಿದ್ದರು, ಅವರ ಉಸಿರು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಮುಖ ಕಾಣದೆ ಇದ್ದದ್ದಕ್ಕೇ ಇರಬೇಕು, ಕೇಳುವ ಧೈರ್ಯ ಬಂತು.

"ಕಾಕಾ, ನೀವು ಸುಮ್ಮನ ಇದ್ದಿದ್ರ ನಾಳೆ ನಂಬರ್ ನಿಮಗ ಬರತಿತ್ತು."

ಸ್ಕ್ರೂ ಡ್ರೈವರ್ ನಿಂತಿತು. "ಬರತಿತ್ತು. ಒಂಬತ್ತು ವರ್ಷ ಅದಕ್ಕ ಕುಂತೀನಿ. ನಿನ್ನೆ ನಮ್ಮಾಕಿ ಹೊಸ ಹಗ್ಗ ತಗೋರಿ ಅಂದ್ಲು, ತಗೊಂಡು ಬಂದೀನಿ. ನಿನ್ನ ಗಾಡಿ ಓಣ್ಯಾಗ ತಿರುಗಿದಾಗ, ಇಂವ ಬರದ ಇದ್ರ ಚೊಲೋ ಇತ್ತು ಅಂತ ಅನಿಸಿದ್ದೂ ಖರೆ. ಸುಳ್ಳ ಯಾಕ ಹೇಳ್ಲಿ?"

"ಮತ್ತ?"

"ಮತ್ತೇನ? ಬಂದಿಯಲ್ಲ. ಶೆಡ್ಡಿನೊಳಗ ಬಂದ ಮ್ಯಾಲ ಅದು ಕೆಟ್ಟ ಗಾಡಿ, ನಾನು ಮೇಸ್ತ್ರಿ. ಕೆಟ್ಟದ್ದು ಎಲ್ಲೈತಿ ಅಂತ ಗೊತ್ತಾದ ಮ್ಯಾಲ ಕೈ ಬಿಟ್ಟು ಹ್ಯಾಂಗ ಕುಂದರಲಿ? ಆಗೂದಿಲ್ಲ ನನಗ." ಮತ್ತೆ ಸ್ಕ್ರೂ ಡ್ರೈವರ್ ಆಡಿಸುತ್ತ, "ಅದಲ್ಲದ ನಿನ್ನ ನಂಬರ್ ನನಗ ಬಂದಿದ್ರ ಅಂಬವ್ವನ ಬಾಯಿಗೆ ಯಾರು ಸಿಗವ್ರು? ಕಾಲ ತಗಿ, ಬೆಳಕಿಗೆ ಅಡ್ಡ ಬರತಿ" ಎಂದರು. ಬೆಳಕೇ ಇರಲಿಲ್ಲ. ಆದರೂ ಕಾಲು ತೆಗೆದೆ.

ನೀಲಿ ಹಾಳೆ ಕೂತಿತು. ಕೀಲಿ ತಿರುವು ಎಂದರು. ತಿರುವಿದೆ. ಮಂಜಿನ ನಡುವೆ ಎಲ್ಲೋ ಒಂದು ನೀಲಿ ಚುಕ್ಕಿ ಹತ್ತಿತು. ಚಾಲೂ ಮಾಡು ಎಂದರು. ಎಂಜಿನ್ ಎದ್ದಿತು, ಚುಕ್ಕಿ ಆರಿತು. ಅಂಬವ್ವ ಬ್ಯಾಟರಿಯ ಹತ್ತಿರ ಮೀಟರಿಗೆ ಮೂಗು ತಾಗುವಷ್ಟು ಬಗ್ಗಿ ಓದಿ, ಒಂದೊಂದೇ ಅಂಕಿಯನ್ನು ಕೂಗಿ ಹೇಳಿದಳು. ಇಪ್ಪತ್ತೇಳು ಚುಕ್ಕಿ ಎಂಟು. ಹೆಡ್‌ಲೈಟ್ ಹಾಕಿದರೂ ಇಪ್ಪತ್ತೇಳರ ಮೇಲೆಯೇ ನಿಂತಿತು. ಅವಳು ಅಳುತ್ತಿದ್ದಳೆಂದು ದನಿಯಿಂದ ತಿಳಿಯಿತು.

ಎಷ್ಟಾಯಿತು ಎಂದು ಕೇಳಿದೆ. ಬಲ್ಬಿನದು ಹನ್ನೆರಡು ರೂಪಾಯಿ, ಕೈಕೆಲಸದ್ದು ನೂರು ಎಂದರು. ಐನೂರು ಕೊಡಲು ಹೋದೆ. "ದಾನ ಮಾಡಾಕತ್ತಿಯೇನು?" ಎಂದು ಗದರಿ ಉಳಿದದ್ದನ್ನು ನನ್ನ ಜೇಬಿಗೆ ತುರುಕಿದರು.

ಗುರುವಾರ ಬೆಳಿಗ್ಗೆ ಸಂಘದ ಅಂಗಳ ತುಂಬಿತ್ತು. ನಂಬರ್ ಅಳಿಸುವುದನ್ನು ನೋಡಲು ಜನ ಬರುತ್ತಾರೆ, ಸುಳ್ಳೇಕೆ, ನಾನೂ ಎರಡು ಸಲ ಬಂದು ನೋಡಿದ್ದೇನೆ. ಸೆಕ್ರೆಟರಿ ಮುರಿಗೆಪ್ಪ ಕರಿಹಲಗೆಯ ಕೆಳಗೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದ. ನನ್ನ ಲಾರಿಯನ್ನು ಹಲಗೆಯ ಮುಂದೆ ನಿಲ್ಲಿಸಿ ಎಂಜಿನ್ ಆರಿಸಿದೆ. ಮೂರನೇ ಸರದಿಯಾದರೆ ಪಟ್ಟಿಯ ಮೊದಲಿನವನು ತನ್ನ ಗಾಡಿಯೊಂದಿಗೆ ಸಿದ್ಧವಾಗಿ ಬಂದು ನಿಲ್ಲಬೇಕೆಂಬುದು ಕಾನೂನು. ಹಾಗಾಗಿ ದಾವಲಸಾಬರೂ ಬಂದಿದ್ದರು. ಅವರ ಹಸಿರು ಲಾರಿ ಅಂಗಳದ ಬಾಗಿಲಲ್ಲೇ ನಿಂತಿತ್ತು. ತೊಳೆದು ಒರೆಸಿದ್ದರು. ಮುಂದೆ ಮಲ್ಲಿಗೆ ಮಾಲೆ ಇತ್ತು. ಹಿಂದೆ ಹೊಸ ಹಗ್ಗದ ಸುರುಳಿ ಇತ್ತು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಟೇರಿಂಗ್ ಹಿಂದೆ ಕೂತಿದ್ದರು. ಕಾನೂನು ಅವರನ್ನು ಕರೆಸಿತ್ತು, ಮಾಲೆಯನ್ನು ಅವರ ಹೆಂಡತಿ ಹಾಕಿರಬೇಕು. ನನ್ನ ಲಾರಿ ರಿಪೇರಿಯಾದ ಸುದ್ದಿಯನ್ನು ಅವರು ಮನೆಯಲ್ಲಿ ಹೇಳಿರಲಿಲ್ಲವೆಂದು ನನಗೆ ಆಗ ಹೊಳೆಯಿತು.

"ಹತ್ತೊಂಬತ್ತು!" ಎಂದು ಮುರಿಗೆಪ್ಪ ಕೂಗಿದ.

ಕೀಲಿ ತಿರುವಿದೆ. ಒಂದೇ ಸಲಕ್ಕೆ ಎಂಜಿನ್ ಎದ್ದಿತು. ಅಂಗಳದಲ್ಲಿ ಯಾರೋ ಸಿಳ್ಳೆ ಹೊಡೆದರು. ಮುರಿಗೆಪ್ಪ ಬಟ್ಟೆಯನ್ನು ಬಕೆಟ್ಟಿಗೆ ಎಸೆದು, ಲೋಡಿಂಗ್ ಚೀಟಿಯನ್ನು ಅಂಬವ್ವನ ಕೈಗೆ ಕೊಟ್ಟ. ಗೆದ್ದೆ ಎಂದು ನನಗೆ ಅನ್ನಿಸಬೇಕಿತ್ತು. ನನ್ನ ಕಣ್ಣು ಬಾಗಿಲ ಕಡೆಯೇ ಇತ್ತು. ನನ್ನ ಲಾರಿ ಹೊರಗೆ ಹೋಗಬೇಕಾದರೆ ಅವರ ಲಾರಿ ಹಿಂದೆ ಸರಿಯಬೇಕಿತ್ತು, ಬೇರೆ ದಾರಿ ಇರಲಿಲ್ಲ. ಅವರು ರಿವರ್ಸ್ ಗೇರ್ ಹಾಕಿದರು. ಒಂಬತ್ತು ವರ್ಷ ಕಾದ ಮನುಷ್ಯ ಇಡೀ ಊರಿನೆದುರು, ಮಾಲೆ ಹಾಕಿದ ಲಾರಿಯನ್ನು ಇಷ್ಟಿಷ್ಟೇ ಹಿಂದಕ್ಕೆ ತೆಗೆದುಕೊಳ್ಳುತ್ತ ನನಗೆ ದಾರಿ ಬಿಡುತ್ತಿದ್ದರು. ನನ್ನ ಕಾಲು ಕ್ಲಚ್ಚಿನ ಮೇಲೆಯೇ ಉಳಿಯಿತು.

"ನಿಂದರಬ್ಯಾಡ್ರಿ" ಎಂದಳು ಅಂಬವ್ವ ಮೆಲ್ಲಗೆ. "ನಿಂತ್ರ ಅವ್ರಿಗೆ ಇನ್ನಾ ಕಷ್ಟ. ಗೇರ್ ಹಾಕ್ರಿ."

ಹಾಕಿದೆ. ಎರಡೂ ಲಾರಿಗಳು ಬಾಗಿಲಲ್ಲಿ ಪಕ್ಕಪಕ್ಕಕ್ಕೆ ಬಂದಾಗ ಅವರ ಕಿಟಕಿ ನನ್ನ ಕಿಟಕಿಗೆ ಒಂದು ಮೊಳ ದೂರದಲ್ಲಿತ್ತು. ತಲೆ ಹೊರಗೆ ಹಾಕಿ ಹೇಳಿದೆ. "ಕಾಕಾ, ಸೋಮವಾರ ಮೀಟಿಂಗ್ ಐತಿ. ನಿಮಗ ನಲವತ್ತೊಂದನೇ ನಂಬರ್ ಕೊಡ್ರಿ ಅಂತ ನಾನ ಎದ್ದು ನಿಂದರತೀನಿ. ಕೊಡೂತನ ಕುಂದರೂದಿಲ್ಲ. ನನ್ನ ಬಾಯಿ ಹ್ಯಾಂಗಂತ ನಿಮಗ ಗೊತ್ತೈತಿ."

ಅವರು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಕುತ್ತಿಗೆ ಚಾಚಿ ನನ್ನ ಡ್ಯಾಶ್‌ಬೋರ್ಡಿನೊಳಗೆ ಇಣುಕುತ್ತಿದ್ದರು.

"ಅದ ಇರಲಿ. ದೀಪ ಆರೇತೇನು?"

ನೋಡಿದೆ. "ಆರೇತ್ರಿ ಕಾಕಾ."

"ಹಂಗಾರ ನಡಿ, ಘಟ್ಟ ದೂರ ಐತಿ" ಎಂದು ಅವರು ಮತ್ತೆ ಹಿಂದಿನ ಕನ್ನಡಿ ನೋಡುತ್ತ ಲಾರಿಯನ್ನು ಇನ್ನಷ್ಟು ಸರಿಸಿದರು.